ಒಂದು ಲೋಟ ನೆತ್ತರು

ನಾಲ್ಕು ಕಿಲೋ ತೂಗುವ ಬೆಕ್ಕಿನ ಮೈಯಲ್ಲಿರುವ ನೆತ್ತರೆಲ್ಲ ಸೇರಿದರೆ ಸುಮಾರು ಕಾಲು ಲೀಟರ್. ನಾವು ನೀರು ಕುಡಿಯುವ ಒಂದು ಲೋಟ, ಅಷ್ಟೇ. ನೆಲ್ಲಿಕಾಯಿ ಗಾತ್ರದ ಹೃದಯ ನಿಮಿಷಕ್ಕೆ 150-200 ಸಲ ಬಡಿಯುತ್ತಿರುತ್ತದೆ. ಅದನ್ನು ನಿಲ್ಲಿಸಿ, ಬಿಡಿಸಿ, ಹುಟ್ಟಿನಿಂದಲೇ ಬಂದ ತೂತನ್ನು ಮುಚ್ಚಿ ಮತ್ತೆ ಬಡಿಯುವಂತೆ ಮಾಡಬಲ್ಲವರು ಜಗತ್ತಿನಲ್ಲಿ ತೀರಾ ಕಡಿಮೆ.

ಅವರಲ್ಲೊಬ್ಬರು ಜಪಾನಿನ ಮಸಾಮಿ ಉಯೇಚಿ. ಯೊಕೊಹಾಮಾದಲ್ಲಿರುವ ಅವರ ಜಾಸ್ಮಿನ್ ಆಸ್ಪತ್ರೆ ಪ್ರಾಣಿಗಳ ಹೃದಯಕ್ಕೆಂದೇ ಮೀಸಲು. ಮೈಟ್ರಲ್ ಕವಾಟ ಕೆಟ್ಟ ನಾಯಿಗಳ ಚಿಕಿತ್ಸೆಗೆ ಅದು ಹೆಸರುವಾಸಿ. ಬೆಕ್ಕೊಂದರ ಹೃದಯದ ಮೇಲಿನ ಎರಡು ಕೋಣೆಗಳ ನಡುಗೋಡೆಯ ತೂತನ್ನು ಮುಚ್ಚಿದ ಬಗೆಯನ್ನು ಉಯೇಚಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು.

ಸಣ್ಣ ತೂತಿಗೆ ಶಸ್ತ್ರಚಿಕಿತ್ಸೆಯೇ ಬೇಕಿಲ್ಲ. ತೂತು ದೊಡ್ಡದಾದರೆ ಹೃದಯ ಊದಿಕೊಂಡು ಉಸಿರಾಟಕ್ಕೇ ಕುತ್ತು. (ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ, ಆಗಲೇ ವೈದ್ಯರ ಬಳಿ ಓಡಿ.)

ಹೃದಯ ನಿಂತಿರುವಷ್ಟು ಹೊತ್ತು ಹಾರ್ಟ್-ಲಂಗ್ ಯಂತ್ರವೇ ರಕ್ತಕ್ಕೆ ಆಮ್ಲಜನಕ ಬೆರೆಸಿ ಮೈಗೆ ಕಳಿಸಬೇಕು. ಅದರ ಕೊಳವೆಗಳಲ್ಲಿ ಮೊದಲೇ ದ್ರವ ತುಂಬಿರಬೇಕು. ಮನುಷ್ಯರಿಗೆ ಅದೇನೂ ದೊಡ್ಡದಲ್ಲ. ಬೆಕ್ಕಿನ ಒಂದು ಲೋಟ ರಕ್ತ ಮಾತ್ರ ಅದರಲ್ಲಿ ಬೆರೆತು ನೀರುಮಜ್ಜಿಗೆಯಾಗಿಬಿಡುತ್ತದೆ. ಹಾಗಾಗಿ ಪುಟ್ಟ ಕೊಳವೆಗಳು ಬೇಕು, ಬೇರೆ ಬೆಕ್ಕಿನ ರಕ್ತವೂ ಬೇಕು. ಅಲ್ಲೂ ಎಚ್ಚರ ತಪ್ಪುವಂತಿಲ್ಲ. ಬೆಕ್ಕುಗಳಲ್ಲಿ ಎ, ಬಿ, ಎಬಿ ಗುಂಪುಗಳಿವೆ; ಎಲ್ಲಕ್ಕೂ ಒಗ್ಗುವ ರಕ್ತ ಅನ್ನುವುದೇ ಇಲ್ಲ. ಬಿ ಗುಂಪಿನ ಬೆಕ್ಕಿಗೆ ಎ ರಕ್ತ ಸ್ವಲ್ಪ ಹೋದರೂ ಜೀವಕ್ಕೇ ಸಂಚಕಾರ.

ಬೆಕ್ಕಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಜಾನ್ ಗಿಬ್ಬನ್ ಕಥೆ ಹೇಳುತ್ತೇನೆ. 1930ರ ದಶಕದಲ್ಲಿ ಬಾಸ್ಟನ್‌ನಲ್ಲಿದ್ದ ಈ ವೈದ್ಯ ರಾತ್ರಿ ಹೊತ್ತು ಗೋಣಿಚೀಲ ಹಿಡಿದು, ಟ್ಯೂನಾ ಮೀನಿನ ಆಸೆ ತೋರಿಸಿ ಬೀದಿಬೆಕ್ಕುಗಳನ್ನು ಹಿಡಿಯುತ್ತಿದ್ದರು. ಹೆಂಡತಿ ಮೇರಿ ಜೊತೆ ಕಟ್ಟಿದ ಹಾರ್ಟ್-ಲಂಗ್ ಯಂತ್ರದ ಪರೀಕ್ಷೆ ನಡೆದದ್ದು ಆ ಬೆಕ್ಕುಗಳ ಮೇಲೆ. 1935ರಲ್ಲಿ ಒಂದು ದಿನ ಶ್ವಾಸಕೋಶಕ್ಕೆ ಹೋಗುವ ರಕ್ತನಾಳವನ್ನು ಪೂರ್ತಿ ಬಿಗಿದರೂ ಬೆಕ್ಕು ಉಳಿಯಿತು, ಯಂತ್ರ ಕೆಲಸ ಮಾಡಿತ್ತು. ಗಂಡ ಹೆಂಡತಿ ಅಪ್ಪಿಕೊಂಡು ಪ್ರಯೋಗಾಲಯದ ತುಂಬ ಕುಣಿದರು.

ಹದಿನೆಂಟು ವರ್ಷಗಳ ನಂತರ, 1953ರ ಮೇ 6ರಂದು, ಫಿಲಡೆಲ್ಫಿಯಾದಲ್ಲಿ ಗಿಬ್ಬನ್ ಯಂತ್ರದ ನೆರವಿನಿಂದ ಮೊದಲ ಬಾರಿ ಮನುಷ್ಯರೊಬ್ಬರ ಹೃದಯ ತೆರೆದು ಗೆದ್ದರು. ರೋಗಿ 18ರ ಹುಡುಗಿ. ಅವಳ ಹೃದಯದಲ್ಲಿ ಅವರು ಮುಚ್ಚಿದ್ದು ಇದೇ ಮೇಲಿನ ಕೋಣೆಗಳ ನಡುವಿನ ತೂತನ್ನು.