ತಾಲೀಮಿನ ಮುಂಬೈ

ಎಥೀರಿಯಂ ಎಂಬ ಬ್ಲಾಕ್‌ಚೈನ್‌ನ ಬಳಗದವರು ತಮ್ಮ ಪರೀಕ್ಷಾ ಜಾಲಗಳಿಗೆ ಬಹುಮಟ್ಟಿಗೆ ರೈಲು ನಿಲ್ದಾಣಗಳ ಹೆಸರಿಡುತ್ತಾರೆ. ರಾಪ್ಸ್ಟನ್, ರಿಂಕೆಬಿ ಸ್ಟಾಕ್‌ಹೋಮ್‌ನ ಮೆಟ್ರೊ ನಿಲ್ದಾಣಗಳು, ಕೋವನ್ ಸಿಂಗಪುರದ್ದು. ಲೋಕಲ್ ರೈಲಿನ ಊರಲ್ಲಿ ಹುಟ್ಟಿದ ಪಾಲಿಗಾನ್ ಎಂಬ ಬ್ಲಾಕ್‌ಚೈನ್ ಸಂಸ್ಥೆ ಮಾತ್ರ ತನ್ನ ಪರೀಕ್ಷಾ ಜಾಲಕ್ಕೆ ಊರಿನ ಹೆಸರನ್ನೇ ಇಟ್ಟುಬಿಟ್ಟಿತು: ‘ಮುಂಬೈ’. (ದಾದರ್ ಅಂದಿದ್ದರೆ ಇನ್ನೂ ಒಪ್ಪುತ್ತಿತ್ತು.) 2017ರಲ್ಲಿ ಜಯಂತಿ ಕನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ ಸೇರಿ ಮ್ಯಾಟಿಕ್ ಹೆಸರಲ್ಲಿ ಶುರುಮಾಡಿದ ಈ ಸಂಸ್ಥೆ 2021ರಲ್ಲಿ ಪಾಲಿಗಾನ್ ಆಯಿತು. ಅದರ ಮುಂಬೈ ಜಾಲ 2024ರ ಏಪ್ರಿಲ್‌ನಲ್ಲಿ ಮುಚ್ಚುವವರೆಗೂ ದೇಶವಿದೇಶಗಳ ಪ್ರೋಗ್ರಾಮರ್‌ಗಳಿಗೆ ಗರಡಿಮನೆಯಾಗಿತ್ತು. ಅಲ್ಲಿ ಚಲಾವಣೆಯಲ್ಲಿದ್ದದ್ದು ಕೇಳಿದವರಿಗೆಲ್ಲ ಪುಕ್ಕಟೆ ಸಿಗುವ ಬೆಲೆಯಿಲ್ಲದ ನಾಣ್ಯ.

ಇಷ್ಟು ತಾಲೀಮು ಯಾಕೆ ಬೇಕು? ಬ್ಯಾಂಕಿನ ಆ್ಯಪ್‌ನಲ್ಲಿ ತಪ್ಪಾದರೆ ನಾಳೆ ಅಪ್‌ಡೇಟ್ ಬರುತ್ತದೆ. ಇಂಥ ಜಾಲಕ್ಕೆ ಯಜಮಾನನೇ ಇಲ್ಲ. ಒಮ್ಮೆ ಏರಿಸಿದ ಪ್ರೋಗ್ರಾಂ (ಅದಕ್ಕೆ ‘ಕರಾರು’ ಅನ್ನುತ್ತಾರೆ) ಯಾರ್‍ಯಾರದೋ ಕಂಪ್ಯೂಟರ್‌ಗಳಲ್ಲಿ ಪ್ರತಿಯಾಗಿ ಕೂರುತ್ತದೆ. ಬದಲಿಸಲು ಮೊದಲೇ ದಾರಿ ಇಟ್ಟುಕೊಂಡಿರದಿದ್ದರೆ ಬರೆದವನೂ ಅದನ್ನು ತಿದ್ದಲಾರ.

ಅದನ್ನು ಬರೆಯುವ ಭಾಷೆ ಸಾಲಿಡಿಟಿ. 2014ರಲ್ಲಿ ಗ್ಯಾವಿನ್ ವುಡ್ ಮುಂದಿಟ್ಟದ್ದು. ನೋಡಲು ಜಾವಾಸ್ಕ್ರಿಪ್ಟ್‌ನ ಹಾಗೆಯೇ ಇದೆ. ಆ ಸಲಿಗೆಯೇ ಹಲವರನ್ನು ದಾರಿ ತಪ್ಪಿಸಿತು ಅನ್ನಿಸುತ್ತದೆ. ಯಾಕೆಂದರೆ ಒಳಗಿನ ಕಟ್ಟುಪಾಡುಗಳೇ ಬೇರೆ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ಲೆಕ್ಕ ಮಾಡಿ ಒಂದೇ ಉತ್ತರಕ್ಕೆ ಬರಬೇಕು. ಅದಕ್ಕೇ ದಶಮಾಂಶದ ಗೋಜಿಲ್ಲ. ಒಂದು ನಾಣ್ಯವನ್ನು ಒಂದರ ಮುಂದೆ ಹದಿನೆಂಟು ಸೊನ್ನೆ ಹಾಕಿ ಪೂರ್ಣಸಂಖ್ಯೆಯಾಗಿಯೇ ಎಣಿಸುತ್ತಾರೆ. ಪ್ರತಿ ಕೆಲಸಕ್ಕೂ ‘ಗ್ಯಾಸ್’ ಎಂಬ ಖರ್ಚು: ಎರಡು ಸಂಖ್ಯೆ ಕೂಡಲು 3, ಹೊಸದೊಂದನ್ನು ಕಾಯಂ ಬರೆದಿಡಲು 20,000ಕ್ಕೂ ಹೆಚ್ಚು.

ಈ ಬರಹವನ್ನು ಯಂತ್ರದ ಸಂಕೇತಗಳಿಗೆ ಇಳಿಸುವ ಕಂಪೈಲರ್ ಮೊದಮೊದಲು ಬಲು ಉದಾರಿ. ಎಂಟು ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255ಕ್ಕೆ ಒಂದು ಕೂಡಿಸಿದರೆ ಸದ್ದಿಲ್ಲದೆ ಸೊನ್ನೆ ಮಾಡಿಡುತ್ತಿತ್ತು. 2020ರ ಡಿಸೆಂಬರ್‌ನ 0.8 ಆವೃತ್ತಿಯಿಂದ ಅಂಥ ಲೆಕ್ಕ ಎದುರಾದರೆ ವ್ಯವಹಾರವೇ ನಿಲ್ಲುವ ಹಾಗೆ ತಾನಾಗಿಯೇ ಕಾವಲು ಸೇರಿಸುತ್ತದೆ.

ಎಲ್ಲವನ್ನೂ ಅದು ಹಿಡಿಯಲಾರದು. ಪಾಲಿಗಾನ್‌ನ ಅಸಲಿ ಜಾಲದಲ್ಲಿ, ಅದರ ಸ್ವಂತ ನಾಣ್ಯದ ಕರಾರಿನಲ್ಲೇ ಒಂದು ಕಂಡಿ ಉಳಿದಿತ್ತು. ಸಹಿ ನೋಡಿ ಹಣ ವರ್ಗಾಯಿಸುವ ಭಾಗ ಅದು. ಸಹಿ ಕೆಟ್ಟದ್ದಾಗಿದ್ದರೆ, ಪರಿಶೀಲಿಸುವ ಸಾಲು ತಕರಾರು ತೆಗೆಯದೆ ‘ಸೊನ್ನೆ’ ವಿಳಾಸವನ್ನು ಹಿಂದಿರುಗಿಸುತ್ತಿತ್ತು. ಮುಂದಿನ ಸಾಲು ಆ ಸೊನ್ನೆಯನ್ನೇ ಖಾತೆದಾರನೆಂದು ನಂಬುತ್ತಿತ್ತು. ಆ ಖಾತೆಯಲ್ಲಿ ಹಣವಿದೆಯೇ ಎಂದು ಯಾವ ಸಾಲೂ ನೋಡುತ್ತಿರಲಿಲ್ಲ. ಹಣ ಕರಾರಿನ ಸ್ವಂತ ತಿಜೋರಿಯಿಂದಲೇ ಹೋಗುತ್ತಿತ್ತು. ವ್ಯಾಕರಣದ ಮಟ್ಟಿಗೆ ಎಲ್ಲ ಸಾಲೂ ಶುದ್ಧ. ತಿಜೋರಿಯಲ್ಲಿದ್ದದ್ದು ಸುಮಾರು 927 ಕೋಟಿ ಮ್ಯಾಟಿಕ್ ನಾಣ್ಯ!

2021ರ ಡಿಸೆಂಬರ್ 3ರಂದು ಹೊರಗಿನ ಸಂಶೋಧಕರೊಬ್ಬರು ಇದನ್ನು ಪತ್ತೆಹಚ್ಚಿ ತಿಳಿಸಿದರು. 5ರಂದು ಜಾಲ ನಡೆಸುವವರಲ್ಲಿ ಬಹುಪಾಲು ಜನ ಹೊಸ ಆವೃತ್ತಿಗೆ ಬಂದರು. ಯಜಮಾನನಿಲ್ಲದ ಕಡೆ ತೇಪೆ ಹಾಕಬೇಕಾದರೆ ಬಹುಪಾಲು ಜನ ಒಪ್ಪಲೇಬೇಕು. ಅಷ್ಟರೊಳಗೆ ಕಳ್ಳರು 8,01,601 ಮ್ಯಾಟಿಕ್ ಎತ್ತಿದ್ದರು. ಆ ನಷ್ಟವನ್ನು ಪಾಲಿಗಾನ್ ತಾನೇ ಹೊತ್ತಿತು, ತಪ್ಪು ತೋರಿಸಿದವರಿಗೆ 22 ಲಕ್ಷ ಡಾಲರ್ ಇನಾಮನ್ನೂ ಕೊಟ್ಟಿತು.