ರಿಪೇರಿ ಆದ ಲಾರಿ ಹಿಡಿಯದಿದ್ದರೆ ಮೊದಲು ಹೊಗೆ ನೋಡಿ

ಬಾದಾಮಿ ಕಡೆಯ ನಮ್ಮ ಹೊಲದಾಗ ಉಳ್ಳಾಗಡ್ಡಿ ಕಿತ್ತು ರಾಶಿ ಹಾಕಿದ್ದೆವು. ಮುಗಿಲು ಕಪ್ಪಿಟ್ಟಿತ್ತು. ಮೂರು ಮನೆಯವರು ಕೂಡಿ ಇಟ್ಟುಕೊಂಡ ಹಳೇ ಲಾರಿ ಇಳಕಲ್ ಹತ್ತಿರದ ಒಂದು ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ ಬದಲಾಯಿಸಿಕೊಂಡು ನಿಂತಿತ್ತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಅರ್ಧ ದಿನ ಹೊಡೆದು ಬ್ಯಾಟರಿ ಸುಸ್ತಾಯಿತು. “ಪಂಪ ಹೋಗೈತ್ರಿ, ಬಾಗಲಕೋಟಿಗೆ ಒಯ್ದು ಕ್ಯಾಲಿಬ್ರೇಶನ್ ಮಾಡಸ್ಬೇಕು” ಅಂದರು. ಅಂದರೆ ಇನ್ನೆರಡು ದಿನ, ಕೈಯಿಂದ ಸಾವಿರಾರು ರೂಪಾಯಿ. ಮಳೆ ಬಿದ್ದರೆ ಗಡ್ಡಿ ಕೊಳೆಯುವುದು ಬೇರೆ.

ಅಲ್ಲೇ ಚಹಾ ಕುಡಿಯುತ್ತಿದ್ದ ಹುನಗುಂದದ ಹಿರಿ ಡ್ರೈವರ್ ಒಬ್ಬರು, ವರ್ಷಗಟ್ಟಲೆ ಗ್ರಾನೈಟ್ ಹೇರಿದವರು, ಒಂದೇ ಮಾತು ಕೇಳಿದರು: “ಬಿಚ್ಚೂಕಿಂತ ಮೊದಲ ಪಂಪ ಚಲೋ ಇತ್ತಿಲ್ಲೊ? ಮುಟ್ಟಲಾರದ್ದು ಹೆಂಗ ಕೆಡತೈತಿ? ಮುಟ್ಟಿದ್ದನ್ನ ನೋಡ್ರಿ.”

ಆಮೇಲೆ ಸೈಲೆನ್ಸರ್ ಬಾಯಿ ನೋಡಲು ಹೇಳಿದರು. ಸೆಲ್ಫ್ ಹೊಡೆದಾಗ ಹೊಗೆಯೇ ಇಲ್ಲ. ಹೊಗೆ ಇಲ್ಲ ಎಂದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಈ ಎರಡು ದಾರಿ ಬೇರೆ ಬೇರೆ. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ. ಒಳಗಿನ ಗಾಳಿಯನ್ನು ಸುಮಾರು ಹದಿನಾರು ಹದಿನೇಳು ಪಾಲು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ಡೀಸೆಲ್, ಒತ್ತಡ, ವೇಗವಾಗಿ ತಿರುಗುವುದು, ಇವು ಮೂರು ಇದ್ದು ಪಂಪಿನ ಟೈಮಿಂಗ್ ಸರಿ ಇದ್ದರೆ ಎಂಜಿನ್ ಹಿಡಿಯಲೇಬೇಕು.

ನಮ್ಮಲ್ಲಿ ಮೊದಲು ಸ್ಟಾಪ್ ಕೇಬಲ್ ನೋಡಿದೆವು. ರಿಪೇರಿ ಆದ ಮೇಲೆ ಪಂಪಿನ ಸ್ಟಾಪ್ ಲಿವರ್ ಎಳೆದ ಜಾಗದಲ್ಲೇ ಸಿಕ್ಕಿಕೊಂಡಿದ್ದರೆ ದಿನವಿಡೀ ಸೆಲ್ಫ್ ಹೊಡೆದರೂ ಅಷ್ಟೇ. ಅದು ಸರಿ ಇತ್ತು. ಬ್ಯಾಟರಿ ಚಾರ್ಜ್ ಮಾಡಿಸಿ, ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ಬಿಗಿ ಇದೆಯೇ ನೋಡಿ, ಏರ್ ತೆಗೆಯಲು ಕೂತೆವು.

ಪಂಪ್‌ಸೆಟ್ಟಿನ ಎಂಜಿನ್ನಿಗೆ ಏರ್ ತೆಗೆದವರಿಗೆ ಇದು ಹೊಸದಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಗುಂಡಿ ಒತ್ತುತ್ತ ಇರಬೇಕು. ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬರುವಾಗಲೇ, ಹರಿಯುತ್ತಿರುವಂತೆಯೇ, ಸ್ಕ್ರೂ ಬಿಗಿಯಬೇಕು. ನಂತರ ದೊಡ್ಡ ಪಂಪಿನ ಸ್ಕ್ರೂ. ಕೊನೆಗೆ ಇಂಜೆಕ್ಟರ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಎಕ್ಸಲೇಟರ್ ಪೂರಾ ಒತ್ತಿ ಸೆಲ್ಫ್ ಹೊಡೆಯಬೇಕು. ಡೀಸೆಲ್ ಚಿಮ್ಮಿದ ನಟ್ಟನ್ನು ಬಿಗಿಯುತ್ತ ಹೋಗಬೇಕು. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ಸೆಲ್ಫ್ ಮೋಟರ್ ಸುಡುತ್ತದೆ. ಚಿಮ್ಮುವ ಜಾಗಕ್ಕೆ ಕೈ ಅಡ್ಡ ಹಿಡಿಯಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗುತ್ತದೆ.

ನಾವು ಎಷ್ಟು ತೆಗೆದರೂ ನೊರೆ ಮತ್ತೆ ಮತ್ತೆ ಬಂತು. ಎಲ್ಲೂ ಒಂದು ಹನಿ ಸೋರಿಕೆ ಇಲ್ಲ! ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಡೀಸೆಲ್ಲನ್ನು ಎಳೆದುಕೊಳ್ಳುವ ಭಾಗ. ಅಲ್ಲಿ ಸಂದು ಇದ್ದರೆ ಡೀಸೆಲ್ ಹೊರಗೆ ಬರದೆ ಗಾಳಿ ಒಳಗೆ ಹೋಗಬಹುದು. ಡ್ರೈವರ್ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ ಎತ್ತರಕ್ಕಿಟ್ಟು, ಬೇರೆ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಟ್ಟರು. ಏರ್ ತೆಗೆದರು. ಎರಡನೇ ಸೆಲ್ಫಿಗೆ ಲಾರಿ ಹಿಡಿಯಿತು. ಪಂಪು ಕೆಟ್ಟಿರಲೇ ಇಲ್ಲ. ಹುಡುಕಿದರೆ, ನೀರು ಕೂರುವ ಬಟ್ಟಲನ್ನು ತೊಳೆದು ಹಾಕುವಾಗ ಅದರ ರಬ್ಬರ್ ರಿಂಗು ಮಡಚಿ ಕೂತಿತ್ತು. ಹೊಸ ರಿಂಗು ಹಾಕಿ ಕತ್ತಲಾಗುವುದರೊಳಗೆ ಹೊಲ ಮುಟ್ಟಿದೆವು. ಮೇಲಿನ ಒಂದಿಷ್ಟು ಗಡ್ಡಿ ತೊಯ್ದಿತ್ತು, ಉಳಿದದ್ದು ಯಶವಂತಪುರಕ್ಕೆ ಹೋಯಿತು.

ಪಂಪನ್ನು ಸುಮ್ಮನೆ ಬಿಚ್ಚಿಸಬೇಡಿ. ನಮ್ಮ ಹಳೇ ಲಾರಿಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕೊ ಪಂಪು. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು, ಗ್ಯಾರೇಜಿನ ಬಾಯಲ್ಲಿ ಇನ್ನೂ ಮೈಕೊನೇ. ಅದರೊಳಗಿನ ಪ್ಲಂಜರುಗಳ ಸಂದು ಕೂದಲೆಳೆಗಿಂತ ಬಹಳ ಸಣ್ಣದು, ಧೂಳು ಹೊಕ್ಕರೆ ಮುಗಿಯಿತು.

ಬಿಳಿ ಹೊಗೆ ಬಂದರೆ ಲೆಕ್ಕ ಬೇರೆ. ಹೆಡ್ ಇಳಿಸಿದ್ದರೆ ವಾಲ್ವ್ ಸಂದು ತೀರ ಬಿಗಿಯಾಗಿ ಒತ್ತಡ ನಿಲ್ಲದಿರಬಹುದು. ಪಂಪ್ ಇಳಿಸಿದ್ದರೆ ಗೇರಿನ ಗುರುತು ತಪ್ಪಿ ಟೈಮಿಂಗ್ ಕೆಟ್ಟಿರಬಹುದು. ಇಂಜೆಕ್ಟರ್ ಪೈಪು ಅದಲು ಬದಲಾದದ್ದೂ ಉಂಟು: ಆರು ಸಿಲಿಂಡರಿನಲ್ಲಿ ಸಾಮಾನ್ಯ ಕ್ರಮ 1-5-3-6-2-4.

ಇನ್ನೊಂದು, ತಿರುಗುತ್ತಿದ್ದ ಎಂಜಿನ್ ಧಡ್ ಎಂದು ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಲಾರಿ ನೂಕಲೂಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿರಬಹುದು. ನೀರನ್ನು ಒತ್ತಲಾಗದು, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಇಂಜೆಕ್ಟರ್ ತೆಗೆದು ಕೈಯಿಂದ ತಿರುಗಿಸಿ ನೀರು ಹೊರಹಾಕಿ, ಆಮೇಲೆ ಗ್ಯಾಸ್ಕೆಟ್ ನೋಡಬೇಕು.

ಮೇಲೆ ಹೇಳಿದ ನಟ್ಟು ಸಡಿಲಿಸುವ ಕೆಲಸ ಹಳೇ ಪಂಪಿನ ಗಾಡಿಗಳಿಗೆ ಮಾತ್ರ. ದೇಶದ ತುಂಬ 2017ರ ಏಪ್ರಿಲ್‌ನಿಂದ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲಿನ ಲಾರಿಗಳಲ್ಲಿ ಹೆಚ್ಚಿನವು ಕಾಮನ್ ರೈಲ್. ಅದರ ಪೈಪಿನಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಅದಕ್ಕೆ ಸ್ಪ್ಯಾನರ್ ಹಚ್ಚಬೇಡಿ.