ಎದೆ ನಿಂತಾಗ ಮೊದಲ ಹತ್ತು ನಿಮಿಷ ನಮ್ಮದು

2025ರ ಮೇ-ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ದಿನಾ ಎಂಬಂತೆ ಸಾವಿನ ಸುದ್ದಿ ಬರುತ್ತಿತ್ತು. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಮಂದಿ, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಕೆ.ಆರ್.ಪೇಟೆ, ನಾಗಮಂಗಲಕ್ಕೆ ಅದು ಪಕ್ಕದ ಜಿಲ್ಲೆ. ನಮ್ಮ ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯೂ ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಸಾಲು ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈಯಲ್ಲಿ ವರದಿ ಬಂತು. ಹೃದಯದ ಸಾವು ದಿಢೀರನೆ ಏರಿಲ್ಲ; ಸತ್ತವರಲ್ಲಿ ಕೆಲವರದು ಹೃದಯದ ಕಾಯಿಲೆಯೇ ಅಲ್ಲ; ಉಳಿದವರಲ್ಲಿ ಹೆಚ್ಚಿನವರಿಗೆ ಬಿ.ಪಿ., ಸಕ್ಕರೆ, ಧೂಮಪಾನದಂಥ ಗೊತ್ತಿರುವ ಕಾರಣಗಳೇ ಇದ್ದವು.

ಗಾಬರಿ ಇಳಿಯಿತು. ಆದರೆ ಬೇಸಾಯಗಾರರಾದ ನಾವು ತಿಳಿದಿರಬೇಕಾದ್ದು ಇನ್ನೂ ಇದೆ. ಗೊತ್ತಿರುವ ಕಾರಣಗಳ ಜೊತೆಗೆ ಹೃದಯ ಕೆಡಿಸುವ ಬೇರೆ ಕೆಲವು ಕಾರಣ ನಮ್ಮ ಹೊಲ, ಪಂಪ್‌ಮನೆ, ಹುಲ್ಲಿನ ಮೆದೆಯಲ್ಲೇ ಇವೆ. ಒಂದೊಂದಕ್ಕೂ ಮೊದಲು ಮಾಡುವ ಕೆಲಸ ಬೇರೆ ಬೇರೆ. ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪೈಪು ಕಟ್ಟುವುದು, ಮೋಟಾರು ನಿಲ್ಲುವುದು

ಹೃದಯಾಘಾತ, ಹೃದಯ ಸ್ತಂಭನ ಎರಡೂ ಒಂದೇ ಅಂತ ತುಂಬ ಜನ ತಿಳಿದಿದ್ದಾರೆ. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಅದು ಆಘಾತ. ಡ್ರಿಪ್ ಪೈಪು ಕಟ್ಟಿದಾಗ ಆ ಸಾಲಿನ ಗಿಡ ಮಾತ್ರ ಬಾಡುವಂತೆ, ಹೃದಯದ ಒಂದು ಭಾಗ ಸಾಯತೊಡಗುತ್ತದೆ. ಮನುಷ್ಯ ಮಾತಾಡುತ್ತಲೇ ಇರಬಹುದು. ಸ್ತಂಭನ ಅಂದರೆ ಮೋಟಾರೇ ನಿಂತ ಹಾಗೆ. ಪ್ರಜ್ಞೆ ಹೋಗುತ್ತದೆ, ಉಸಿರು ನಿಲ್ಲುತ್ತದೆ ಅಥವಾ ಗೊರಗೊರ ಎಂದು ಎಳೆಯುತ್ತದೆ.

ಆಘಾತದಲ್ಲಿ ಎದೆಯ ಮೇಲೆ ಕಲ್ಲು ಹೇರಿದಂತಾಗುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು ಸಾಮಾನ್ಯ ಲಕ್ಷಣ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಬರೀ ಸುಸ್ತು, ಉಬ್ಬಸ, ಹೊಟ್ಟೆ ಮೇಲ್ಭಾಗದ ಸಂಕಟ ಆಗಬಹುದು. ಇದನ್ನೇ 'ಗ್ಯಾಸ್ಟ್ರಿಕ್ ಕಣಣ್ಣ' ಅಂತ ಸೋಡಾ ಕುಡಿದು ಮಲಗಿಬಿಡ್ತಾರೆ. ಬೆವರಿನ ಜೊತೆ ಸಂಕಟ ಬಂದರೆ ಸೋಡಾ ಬೇಡ. ಕೂರಿಸಿ, ನಡೆಸಬೇಡಿ, 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ 300 ಮಿ.ಗ್ರಾಂ. ಮಾತ್ರೆ ಅಗಿದು ನುಂಗಿದರೆ ಅನುಕೂಲ. ಅಲರ್ಜಿ ಇರುವವರಿಗೆ, ಹೊಟ್ಟೆ ಹುಣ್ಣಿನಿಂದ ರಕ್ತ ಹೋಗುವವರಿಗೆ ಅದು ಬೇಡ.

ಶ್ರೀರಂಗಪಟ್ಟಣದವರಿಗೆ ಮೈಸೂರು ಹತ್ತಿರ. ಕೆ.ಆರ್.ಪೇಟೆ, ನಾಗಮಂಗಲದ ಒಳ ಹಳ್ಳಿಯವರು ದೊಡ್ಡ ಆಸ್ಪತ್ರೆಯೇ ಬೇಕೆಂದು ದೂರ ಓಡುವುದರಲ್ಲಿ ಹೊತ್ತು ಕಳೆಯುತ್ತದೆ. ಹತ್ತಿರದಲ್ಲಿ ಮೊದಲು ಇ.ಸಿ.ಜಿ. ಆಗಲಿ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ ಅಂತ ಚೆನ್ನಾಗಿರುವಾಗಲೇ ಹೋಗಿ ಕೇಳಿಡಿ. ನಾಗಮಂಗಲದವರಿಗೆ ಬಿ.ಜಿ.ನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೆ.

ಪಂಪ್‌ಸೆಟ್ಟಿನ ಕರೆಂಟು

ಹೃದಯ ಬಡಿಯುವುದೇ ತನ್ನೊಳಗೆ ಹುಟ್ಟುವ ಸಣ್ಣ ವಿದ್ಯುತ್ತಿನಿಂದ. ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ನಮ್ಮ ಲೈನಿನ ಕರೆಂಟು ಎದೆ ಹಾದು ಹೋದರೆ ಆ ತಾಳ ಕೆಡುತ್ತದೆ. ಹೃದಯ ಬಡಿಯದೆ ಬರೀ ನಡುಗುತ್ತದೆ. ರಾತ್ರಿ ಪಾಳಿ ಕರೆಂಟಿಗೆ ಒದ್ದೆ ಕಾಲಲ್ಲಿ ಸ್ಟಾರ್ಟರ್ ಮುಟ್ಟುವ ನಮಗೆ ಇದು ದೂರದ ಮಾತಲ್ಲ.

ಬಿದ್ದವನನ್ನು ಮುಟ್ಟುವ ಮೊದಲು ಮೈನ್ ಆಫ್ ಮಾಡಿ, ಫ್ಯೂಸ್ ಕೀಳಿ. ಕಂಬದ ತಂತಿಯೇ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ, ಲೈನು ತೆಗೆಸಿ. ಆಮೇಲೆ ಅಲುಗಿಸಿ ಕೂಗಿ. ಉತ್ತರವಿಲ್ಲ, ಸರಿಯಾದ ಉಸಿರಿಲ್ಲ ಅಂದರೆ ಎದೆ ಒತ್ತಲು ಶುರು ಮಾಡಿ. ಇದೇ ಸಿಪಿಆರ್.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡು ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ ಮೈಭಾರ ಹಾಕಿ, 5 ಸೆಂ.ಮೀ. ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಆಗ ಇನ್ನೊಬ್ಬರು ಹಿಡಿಯಲಿ. ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಸುಮ್ಮನೆ ನೋಡುತ್ತ ನಿಂತರೆ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ 7ರಿಂದ 10ರಷ್ಟು ಕಡಿಮೆಯಾಗುತ್ತದೆ. ಆಘಾತದಿಂದ ಎದೆ ನಿಂತರೂ ಇದೇ ಕ್ರಮ.

ಕೆಂಪು ಚೇಳು

ನಾಗಮಂಗಲ, ಕೆ.ಆರ್.ಪೇಟೆಯ ಕಲ್ಲು ಬದು, ತೆಂಗಿನ ಮಟ್ಟೆ ರಾಶಿ ಎತ್ತುವವರಿಗೆ ಚೇಳು ಹೊಸದಲ್ಲ. ದೊಡ್ಡ ಕರಿ ಚೇಳಿಗಿಂತ ಸಣ್ಣ ಕೆಂಪು ಚೇಳೇ ಹೆಚ್ಚು ಅಪಾಯ. ಅದರ ವಿಷ ನರಗಳನ್ನು ಕೆರಳಿಸಿ ರಕ್ತನಾಳ ಬಿಗಿಯುವಂತೆ ಮಾಡುತ್ತದೆ. ಹೃದಯಕ್ಕೆ ಭಾರ ಬಿದ್ದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಇದನ್ನು ವರ್ಷಗಟ್ಟಲೆ ನೋಡಿ, 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಬಿ.ಪಿ. ಮಾತ್ರೆಯನ್ನು ಬಳಕೆಗೆ ತಂದರು. ಸಾವು ಬಹಳ ಕಡಿಮೆಯಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕುಟುಕಿದ ಜಾಗದ ಉರಿ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ, ಹೆಸರು ಮಂತ್ರಕ್ಕೆ ಬರುತ್ತದೆ. ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಉಬ್ಬಸ ಕಂಡರೆ ಮಂತ್ರ ಸಾಲದು. ಮಕ್ಕಳಿಗಂತೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಪ್ರಾಜೋಸಿನ್ ಮನೆಯಲ್ಲಿ ಕೊಡುವ ಮಾತ್ರೆ ಅಲ್ಲ. ಬಿ.ಪಿ. ಕುಸಿಯಬಹುದು, ವೈದ್ಯರೇ ಕೊಡಬೇಕು.

ಔಷಧಿ ಹೊಡೆಯುವಾಗ

ಕ್ಲೋರ್‌ಪೈರಿಫಾಸ್‌ನಂಥ ರಂಜಕಯುಕ್ತ ಕೀಟನಾಶಕ ಚರ್ಮದಿಂದಲೂ ಒಳಗೆ ಹೋಗುತ್ತದೆ. ಜೊಲ್ಲು, ಬೆವರು, ಕಣ್ಣಿನ ಪಾಪೆ ಚಿಕ್ಕದಾಗುವುದು, ನಾಡಿ ನಿಧಾನವಾಗುವುದು ಇದರ ಗುರುತು. ಕೈಗವಸು ಹಾಕಿಕೊಂಡು ರೋಗಿಯ ಬಟ್ಟೆ ಬಿಚ್ಚಿ, ಸೋಪು ನೀರಿನಲ್ಲಿ ಮೈ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನೇ ಆಸ್ಪತ್ರೆಗೆ ಒಯ್ಯಿರಿ, ಹೆಸರು ಗೊತ್ತಾದರೆ ಅಟ್ರೋಪಿನ್ ಬೇಗ ಶುರುವಾಗುತ್ತದೆ. ಹುಷಾರಾದ ಅಂತ ಅದೇ ದಿನ ಮನೆಗೆ ಕರೆತರಬೇಡಿ. ಉಸಿರಿನ ತೊಂದರೆ ಒಂದೆರಡು ದಿನ ಬಿಟ್ಟೂ ಬರಬಹುದು. ಡಬ್ಬಿಗಳು ಬೀಗದೊಳಗೇ ಇರಲಿ.

ಬೇಲಿಯ ಕಣಗಿಲೆಯಲ್ಲೂ ಹೃದಯದ ತಾಳ ಕೆಡಿಸುವ ಅಂಶವಿದೆ. ಮಕ್ಕಳು ಅಗಿಯದಂತೆ ನೋಡಿ. ಸವರಿದ ಸೊಪ್ಪು ದನದ ಬಾಯಿಗೂ ಸಿಗಬಾರದು.

ಬೀಡಿಯ ಕಾಲು

ಇನ್ನೊಂದು ನಿಧಾನದ ಕಾಯಿಲೆ. ಬೀಡಿ ಸೇದುವ ಹರೆಯದ ಗಂಡಸರಲ್ಲಿ ಕೈಕಾಲಿನ ಸಣ್ಣ ರಕ್ತನಾಳ ಊದಿ ಮುಚ್ಚಿಹೋಗುತ್ತದೆ. ಇದಕ್ಕೆ ಬರ್ಜರ್ ಕಾಯಿಲೆ ಅಂತಾರೆ. ಸ್ವಲ್ಪ ನಡೆದರೆ ಪಾದ, ಮೀನಖಂಡ ಹಿಡಿಯುವುದು, ಕೂತರೆ ಸರಿಹೋಗುವುದು, ಬೆರಳ ಗಾಯ ವಾಸಿಯಾಗದೆ ಕಪ್ಪಾಗುವುದು ಲಕ್ಷಣ. ಬೀಡಿಯನ್ನು ಪೂರ್ತಿ ಬಿಟ್ಟವರ ಕಾಲು ಉಳಿಯುತ್ತದೆ. ದಿನಕ್ಕೆ ಒಂದೆರಡು ಸೇದಿದರೂ ಕಾಯಿಲೆ ಮುಂದುವರಿಯುತ್ತದೆ.

ಊರಲ್ಲಿ ಮಾಡಬಹುದಾದ್ದು

ನಮ್ಮ ಹಾಲಿನ ಡೇರಿ ಗೋಡೆಯ ಮೇಲೆ 108, 1912, ರಾತ್ರಿ ಕರೆದರೂ ಬರುವ ಮೂರು ಕಾರಿನವರ ನಂಬರು ಬರೆಸಿದ್ದೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ, ದಿಂಬಿನ ಮೇಲೆ ಎದೆ ಒತ್ತುವುದನ್ನು ಹುಡುಗರಿಗೆ, ಹೆಣ್ಣುಮಕ್ಕಳಿಗೆ ಕಲಿಸಿದೆವು. ಅರ್ಧ ದಿನವೂ ಹಿಡಿಯಲಿಲ್ಲ.

ಆಸ್ಪತ್ರೆಗೆ ಹೋದಾಗ ಮೂರು ಮಾತು ಮೊದಲೇ ಹೇಳಿ: ಎಷ್ಟು ಗಂಟೆಗೆ ಶುರುವಾಯಿತು, ಆಗ ಏನು ಕೆಲಸ ಮಾಡುತ್ತಿದ್ದ, ಯಾವ ಮಾತ್ರೆ ನುಂಗುತ್ತಾನೆ. ಕರೆಂಟು, ಚೇಳು, ಔಷಧಿ ಯಾವುದಾದರೂ ಮುಚ್ಚಿಡಬೇಡಿ. ಕಾರಣ ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.